ಸುಗ್ಗಿಗೆ ಮುನ್ನ ಸ್ಪ್ರಿಂಗಿನ ಹದ

ಸಿರುಗುಪ್ಪದ ಬಯಲಿನಲ್ಲಿ ಭತ್ತದ ಕೊಯ್ಲು ಸಮೀಪಿಸಿತೆಂದರೆ ಮೋಟಾರ್ ಸೈಕಲ್ಲುಗಳ ಹೊರೆಯೂ ಹೆಚ್ಚುತ್ತದೆ. ಒಬ್ಬನೇ ಸವಾರನನ್ನು ಹೊರುತ್ತಿದ್ದ ವಾಹನದ ಮೇಲೆ ಈಗ ಇನ್ನೊಬ್ಬರು, ಜೊತೆಗೆ ಬುತ್ತಿಯ ಗಂಟು. ದಾರಿಯೋ ಸಮವಲ್ಲ. ಬಳ್ಳಾರಿಯಿಂದ ಸಿರುಗುಪ್ಪ, ಕುರುಗೋಡುಗಳತ್ತ ಹಬ್ಬಿರುವ ಎರೆಭೂಮಿ ಮಳೆಯಲ್ಲಿ ಉಬ್ಬಿ, ಬಿಸಿಲಿನಲ್ಲಿ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ರಸ್ತೆಯೂ ಅಲೆಯಲೆಯಾಗುತ್ತದೆ. ಇಂತಹ ದಾರಿಯಲ್ಲಿ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಸ್ಪ್ರಿಂಗಿನ ಮುಖ್ಯ ಕೆಲಸ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಫಲವಿಲ್ಲ.

ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಲೆಕ್ಕದ ಸೌಲಭ್ಯಕ್ಕಾಗಿ, ಹಿಂದಿನ ಸ್ಪ್ರಿಂಗುಗಳು ಪ್ರತಿ 2 ಕಿಲೋಗ್ರಾಂ ಹೊರೆಗೆ 1 ಮಿಲಿಮೀಟರ್ ಕುಗ್ಗುತ್ತವೆ, ಒಟ್ಟು 90 ಮಿಲಿಮೀಟರ್ ಕುಗ್ಗಬಲ್ಲವು ಎಂದಿಟ್ಟುಕೊಳ್ಳೋಣ. 60 ಕಿಲೋಗ್ರಾಂ ಹೊರೆಗೆ ವಾಹನ 30 ಮಿಲಿಮೀಟರ್ ಇಳಿಯುತ್ತದೆ. 120 ಕಿಲೋಗ್ರಾಂ ಹೊರೆಗೆ 60. ಆಗ ದಿಬ್ಬವನ್ನು ತಾಳಿಕೊಳ್ಳಲು ಉಳಿಯುವುದು 30 ಮಾತ್ರ. ಅದೂ ಮುಗಿದರೆ ಪೆಟ್ಟು ನೇರವಾಗಿ ಚೌಕಟ್ಟಿಗೆ ತಗಲುತ್ತದೆ. ಹಿಂಭಾಗ ತಗ್ಗಿದ್ದರಿಂದ ಮುಂದೀಪದ ಬೆಳಕು ಮೇಲಕ್ಕೆದ್ದು, ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಅನೇಕ ವಾಹನಗಳಲ್ಲಿ ಸ್ಪ್ರಿಂಗಿನ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಉಂಗುರವಿರುತ್ತದೆ. ಇದನ್ನು ತಿರುಗಿಸಿದರೆ ಸ್ಪ್ರಿಂಗು ಗಡುಸಾಗುತ್ತದೆಂದು ಹಲವರ ನಂಬಿಕೆ. ಅದು ನಿಜವಲ್ಲ. ಉಂಗುರವು ಸ್ಪ್ರಿಂಗನ್ನು ಮೊದಲೇ 15 ಮಿಲಿಮೀಟರ್ ಒತ್ತಿಟ್ಟಿತೆನ್ನೋಣ. 120 ಕಿಲೋಗ್ರಾಂ ಹೊರೆಗೆ ವಾಹನ ಈಗ 60ರ ಬದಲು 45 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಆದರೆ ಮುಂದಿನ ಪ್ರತಿ 2 ಕಿಲೋಗ್ರಾಂಗೂ ಮತ್ತೆ 1 ಮಿಲಿಮೀಟರೇ! ಬದಲಾದದ್ದು ವಾಹನದ ಎತ್ತರವೇ ಹೊರತು ಸ್ಪ್ರಿಂಗಿನ ಗಡಸುತನವಲ್ಲ.

ಹಾಗಾದರೆ ಉಂಗುರವನ್ನು ಸದಾ ಮೇಲಿನ ಮೆಟ್ಟಿಲಲ್ಲೇ ಇಡಬಾರದೇಕೆ? ಅದೇ ವಾಹನದಲ್ಲಿ ಒಬ್ಬನೇ ಹೊರಟರೆ ಅದು ಇಳಿಯುವುದು 15 ಮಿಲಿಮೀಟರ್. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಮುಟ್ಟಲು ಅಷ್ಟೇ ಅವಕಾಶ. ಆದುದರಿಂದ ಸುಗ್ಗಿ ಮುಗಿದ ಮೇಲೆ ಉಂಗುರವನ್ನು ಮತ್ತೆ ಇಳಿಸಬೇಕು.

ಅಳೆಯುವ ಕ್ರಮ ಸುಲಭ. ಮೊದಲು ಟೈರುಗಳ ಗಾಳಿಯನ್ನು ಸರಿಪಡಿಸಿ, ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ತೂಗಾಡುವಂತಿರಲಿ. ಅಚ್ಚಿನಿಂದ ನೇರ ಮೇಲೆ, ಚೌಕಟ್ಟಿನ ಒಂದು ಗುರುತಿನವರೆಗೆ ಅಳೆಯಿರಿ. ಅನಂತರ ಸ್ಟ್ಯಾಂಡಿನಿಂದ ಇಳಿಸಿ, ಎಂದಿನ ಹೊರೆಯೊಡನೆ ಕುಳಿತು, ಇನ್ನೊಬ್ಬರಿಂದ ಮತ್ತೆ ಅಳೆಸಿರಿ. ಎರಡರ ವ್ಯತ್ಯಾಸವು ಚಕ್ರದ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗದಷ್ಟಿದ್ದರೆ ಹದ ಸರಿಯಾಗಿದೆ. ಎರಡು ಪಕ್ಕದ ಉಂಗುರಗಳೂ ಒಂದೇ ಮೆಟ್ಟಿಲಿನಲ್ಲಿರಬೇಕು. ಹಿಮದ ನಾಡುಗಳಲ್ಲಿ ಚಳಿಗಾಲದ ಸವಾರಿಗೆ ಮುನ್ನ ಹಿಮವಾಹನಗಳನ್ನು ಸಜ್ಜುಗೊಳಿಸುವವರೂ ಇದೇ ಇಳಿತವನ್ನು ಅಳೆಯುತ್ತಾರೆ.

ಇನ್ನೊಂದು ಪರೀಕ್ಷೆ ಉಂಟು. ಹಿಂಭಾಗವನ್ನು ಬಲವಾಗಿ ಅದುಮಿ ಬಿಡಿ. ವಾಹನ ಮೇಲೆದ್ದು ನಿಲ್ಲದೆ ಮತ್ತೆ ಮತ್ತೆ ತೂಗಿದರೆ, ಶಾಕ್ ಅಬ್ಸಾರ್ಬರಿನ ಹೊರಮೈ ಎಣ್ಣೆಯಿಂದ ಒದ್ದೆಯಾಗಿದೆಯೇ ಎಂದು ನೋಡಿ. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಸುಳುತ್ತ, ಆಂದೋಲನದ ಶಕ್ತಿಯನ್ನು ಶಾಖವಾಗಿಸುತ್ತದೆ. ಎಣ್ಣೆ ಸೋರಿದ ಮೇಲೆ ಉಂಗುರವನ್ನು ಎಷ್ಟು ತಿರುಗಿಸಿದರೂ ಆ ಕೆಲಸ ನಡೆಯದು, ದುರಸ್ತಿಯೇ ಮಾರ್ಗ. ವಾಹನ ಹೊರಬಹುದಾದ ಹೊರೆಯ ಮಿತಿಯನ್ನು ಕೂಡ ಉಂಗುರವು ಹೆಚ್ಚಿಸಲಾರದು. ತಯಾರಕರ ಕೈಪಿಡಿಯಲ್ಲಿ ಹೇಳಿದ ಆ ಮಿತಿಯನ್ನು ಸುಗ್ಗಿಯ ಅವಸರದಲ್ಲಿಯೂ ಮೀರಬಾರದು.