ಅಮ್ಮನ ಆಪರೇಷನ್, ಮಗುವಿನ ಲೆಕ್ಕ

ಅಮ್ಮನಿಗೆ ಆಪರೇಷನ್ ಎಂದು ಗೊತ್ತಾದ ದಿನದಿಂದ ಮನೆಯಲ್ಲಿ ಎಲ್ಲರ ದನಿ ತಗ್ಗುತ್ತದೆ. ನಾಲ್ಕು ವರ್ಷದ ಮಗು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಊರಿಂದ ಅಜ್ಜಿ ಬರುತ್ತಾರೆ, ಬ್ಯಾಗು ತುಂಬುತ್ತದೆ. ಒಂದು ಬೆಳಗ್ಗೆ ಮಗು ಏಳುವ ಮೊದಲೇ ಅಮ್ಮ ಹೊರಟಿರುತ್ತಾಳೆ. ಕೇಳಿದರೆ, ‘ಊರಿಗೆ ಹೋಗಿದ್ದಾಳೆ, ನಾಳೆ ಬರ್ತಾಳೆ.’ ಮಗು ಅಳಬಾರದೆಂಬ ಅಕ್ಕರೆಯಿಂದಲೇ ಹೇಳುವ ಸುಳ್ಳು ಇದು. ಆದರೆ ನಾವು ಹೇಳದೆ ಬಿಟ್ಟಿದ್ದನ್ನು ಮಗು ತಾನೇ ತುಂಬಿಕೊಳ್ಳುತ್ತದೆ, ಅದೂ ನಿಜಕ್ಕಿಂತ ಭಯಂಕರವಾಗಿ.

ಎರಡರಿಂದ ಏಳು ವರ್ಷದ ಮಕ್ಕಳು ಎಲ್ಲವನ್ನೂ ತಮ್ಮ ಸುತ್ತಲೇ ನಿಲ್ಲಿಸಿಕೊಂಡು ಯೋಚಿಸುತ್ತಾರೆ ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರಿಸಿದ್ದರು. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲಿನದೇ ಕಾರಣ. ನಿನ್ನೆ ಅಮ್ಮನ ಹೊಟ್ಟೆಯ ಮೇಲೆ ಕುಣಿದೆ, ಇವತ್ತು ಆ ಹೊಟ್ಟೆಗೆ ಏನೋ ಆಗಿದೆ, ಹಾಗಾದರೆ ನನ್ನಿಂದಲೇ ಆಗಿದ್ದು. ‘ನೀನು ಹಠ ಮಾಡಿ ಮಾಡಿಯೇ ಅಮ್ಮನಿಗೆ ಹುಷಾರು ತಪ್ಪಿದ್ದು’ ಎಂದು ಯಾರಾದರೂ ಗದರಿದ್ದರೆ ಮುಗಿಯಿತು.

1960ರ ದಶಕದ ಕೊನೆಯಲ್ಲಿ ಲಂಡನ್ನಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ ಇಂಥ ಅಗಲಿಕೆಯನ್ನು ಕ್ಯಾಮೆರಾ ಹಿಡಿದು ಗಮನಿಸಿದರು. ಹೆರಿಗೆಗೆಂದು ಅಮ್ಮ ಆಸ್ಪತ್ರೆ ಸೇರಿದಾಗ 17 ತಿಂಗಳ ಜಾನ್ ಒಂಬತ್ತು ದಿನ ಶಿಶುಗೃಹದಲ್ಲಿ ಉಳಿದ. ಅಲ್ಲಿನ ದಾದಿಯರು ಒಳ್ಳೆಯವರೇ, ಆದರೆ ಪಾಳಿ ಬದಲಾದಂತೆ ಮುಖವೂ ಬದಲಾಗುತ್ತಿತ್ತು. ಮೊದಲು ಅವರ ಹತ್ತಿರ ಹೋಗುತ್ತಿದ್ದ ಜಾನ್ ಆಮೇಲೆ ಅತ್ತ, ಊಟ ಬಿಟ್ಟ, ದೊಡ್ಡ ಕರಡಿಗೊಂಬೆಯನ್ನು ಅಪ್ಪಿ ಬಿದ್ದುಕೊಂಡ. ಕೊನೆಗೆ ಅಮ್ಮ ಬಂದಾಗ ಅವಳ ಕೈಯಿಂದಲೂ ಕೊಸರಿಕೊಂಡ. ಬೇರೆ ನಾಲ್ಕು ಮಕ್ಕಳನ್ನು ದಂಪತಿ ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮೊದಲೇ ಪರಿಚಯ ಮಾಡಿಕೊಂಡು, ಮಗುವಿನದೇ ಹಾಸಿಗೆ, ಆಟಿಕೆ ತರಿಸಿ, ಅಮ್ಮನ ಫೋಟೊ ತೋರಿಸಿ, ಅವಳ ಮಾತು ಆಡುತ್ತಲೇ ಇದ್ದರು. ಆ ಮಕ್ಕಳಿಗೂ ಬೇಸರವಾಯಿತು, ಆದರೆ ಜಾನ್‌ನಂತೆ ಕುಸಿಯಲಿಲ್ಲ.

ನಮ್ಮ ಮನೆಗಳಲ್ಲಿ ಅಜ್ಜಿ ಬಂದರೆ ಅರ್ಧ ಕೆಲಸ ಆದಂತೆಯೇ. ಉಳಿದರ್ಧದಲ್ಲಿ ನಾವು ಎಡವುತ್ತೇವೆ. ಅತ್ತುಬಿಡುತ್ತದೆಂದು ಅಮ್ಮನ ಹೆಸರನ್ನೇ ಎತ್ತುವುದಿಲ್ಲ. ಅಳಲಿ ಬಿಡಿ, ಅದರಿಂದ ಕೆಡುಕಿಲ್ಲ.

ಮೂರು ವರ್ಷದ ಮಗುವಿಗೆ ಎರಡು ಮೂರು ದಿನ ಮೊದಲು ಹೇಳಿದರೆ ಸಾಕು, ಆರು ವರ್ಷದ್ದಕ್ಕೆ ವಾರ ಮೊದಲು. ‘ಅಮ್ಮನ ಹೊಟ್ಟೆಯೊಳಗೆ ಒಂದು ಭಾಗ ಸರಿ ಇಲ್ಲ ಕಂದಾ. ಡಾಕ್ಟರು ಸರಿ ಮಾಡ್ತಾರೆ. ಮೂರು ರಾತ್ರಿ ಅಲ್ಲೇ ಮಲಗ್ತೀನಿ. ಅಜ್ಜಿ ಊಟ ಮಾಡಿಸ್ತಾರೆ, ಅಪ್ಪ ಸ್ಕೂಲಿಗೆ ಬಿಡ್ತಾರೆ. ಇದು ನಿನ್ನಿಂದ ಆಗಿದ್ದಲ್ಲ.’ ಕೊನೆಯ ಮಾತನ್ನು ಮಗು ಕೇಳದಿದ್ದರೂ ಹೇಳಬೇಕು. ‘ಡಾಕ್ಟರು ಮಲಗಿಸಿಬಿಡ್ತಾರೆ’ ಎನ್ನಬೇಡಿ. ಅರಿವಳಿಕೆ ನಿದ್ದೆಯಲ್ಲ. ಎರಡನ್ನೂ ಒಂದೇ ಎಂದುಕೊಂಡ ಮಗು ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ. ‘ನೋವು ಗೊತ್ತಾಗದಂತೆ ಔಷಧಿ ಕೊಡ್ತಾರೆ, ಮುಗಿದ ಮೇಲೆ ಎಚ್ಚರ ಮಾಡ್ತಾರೆ’ ಎನ್ನಿ. ‘ನೋವೇ ಇರಲ್ಲ’ ಎಂಬುದೂ ಬೇಡ, ಮನೆಗೆ ಬಂದು ನರಳುವ ಅಮ್ಮನನ್ನು ಅದು ನೋಡುತ್ತದಲ್ಲ! ‘ವಾರ’ ಎಂದರೆ ಈ ವಯಸ್ಸಿಗೆ ತಿಳಿಯದು. ರಾತ್ರಿಗೊಂದರಂತೆ ಬಟ್ಟಲಲ್ಲಿ ಹುಣಸೆಬೀಜ ಹಾಕಿಟ್ಟು ದಿನಾ ಬೆಳಗ್ಗೆ ಒಂದನ್ನು ತೆಗೆಸಿ. ಒಂದೆರಡು ಬೀಜ ಹೆಚ್ಚಾಗಬಹುದು ಎಂದೂ ಹೇಳಿರಿ.

ನಿಜವಾದ ಕಷ್ಟ ಅಮ್ಮ ಮನೆಗೆ ಬಂದ ಮೇಲೆ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದರೆ ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ಚರ್ಮ ಬೇಗ ಕೂಡಿಕೊಂಡರೂ ಅದರಡಿಯ ಗಟ್ಟಿ ಪದರ ಬಲ ಪಡೆಯಲು ವಾರಗಳು ಬೇಕು. ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಆ ಹೊಲಿಗೆಯನ್ನೇ ಜಗ್ಗುತ್ತದೆ, ಮುಂದೆ ಹರ್ನಿಯಾ ಆಗಬಹುದು. ನಾಲ್ಕು ವರ್ಷದ ಮಗುವಿನ ತೂಕ ಸುಮಾರು 15 ಕಿಲೊ, ತುಂಬಿದ ಕೊಡದಷ್ಟು. ಮಗುವಿಗೆ ಕಾಣುವುದು ಒಂದೇ: ಅಮ್ಮ ಎದುರಿಗಿದ್ದಾಳೆ, ನನ್ನನ್ನು ಎತ್ತಿಕೊಳ್ಳುತ್ತಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವ ಮೊದಲೇ ಹೊಸ ಅಭ್ಯಾಸ ಶುರು ಮಾಡಿ. ಅಮ್ಮ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂರಲಿ, ಮಗು ತಾನಾಗಿ ಹತ್ತಿ ಪಕ್ಕದಲ್ಲಿ ಕೂತು ತಬ್ಬಿಕೊಳ್ಳಲಿ. ಗೊಂಬೆಯ ಹೊಟ್ಟೆಗೂ ಒಂದು ಬ್ಯಾಂಡೇಜ್ ಸುತ್ತಲಿ.

ಅಮ್ಮ ಬಂದ ದಿನ ಮಗು ಮುಖ ತಿರುಗಿಸಿ ಅಜ್ಜಿಯ ಸೆರಗು ಹಿಡಿದರೆ, ತಾಯಂದಿರೇ, ಎದೆಗುಂದಬೇಡಿ. ಅದು ನಿಮ್ಮನ್ನು ಮರೆತದ್ದಲ್ಲ, ಕಾದು ನೊಂದದ್ದು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು ಮತ್ತೆ ಬರಬಹುದು, ಗದರಬೇಡಿ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ನೋಡಲು ಬರುವ ನೆಂಟರಲ್ಲೂ ಒಂದು ಮನವಿ. ಎಳನೀರು ತನ್ನಿ, ಹಣ್ಣು ತನ್ನಿ. ಆದರೆ ಮಗುವಿಗೆ ‘ನೀನು ಕಾಟ ಕೊಟ್ಟರೆ ಅಮ್ಮನ ಹೊಲಿಗೆ ಬಿಚ್ಚಿಹೋಗುತ್ತೆ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ.