ಮೂರು ನಿಮಿಷದ ಮಿತಿ

ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯ ಹೆಸರು ಜನರ ಬಾಯಲ್ಲಿ ಸವೆದು ‘ಬೆಡ್ಲಮ್’ ಆಯಿತು. ಇಂಗ್ಲಿಷಿನಲ್ಲಿ ಈಗ ಆ ಮಾತಿಗೆ ಗದ್ದಲ, ಗೊಂದಲ ಎಂದೇ ಅರ್ಥ. 1247ರಷ್ಟು ಹಳೆಯ ಆ ಸಂಸ್ಥೆಗೆ 2010ರ ಆಗಸ್ಟ್ ಕೊನೆಯಲ್ಲಿ 23 ವರ್ಷದ ಒಲಸೇನಿ ಲೂಯಿಸ್ ಬಂದದ್ದು ತಾನಾಗಿಯೇ, ಹೆತ್ತವರ ಜೊತೆ. ಐಟಿ ಓದಿದ ಕಪ್ಪುವರ್ಣೀಯ ಹುಡುಗ. ಮನೆಯವರು ಸೇನಿ ಎನ್ನುತ್ತಿದ್ದರು. ಅವರು ಹೊರಟ ಮೇಲೆ ತಾನೂ ಹೋಗುತ್ತೇನೆಂದ, ಬಿಡಲಿಲ್ಲ. ಆಸ್ಪತ್ರೆಯವರು ಪೊಲೀಸರನ್ನು ಕರೆದರು. ಹನ್ನೊಂದು ಮಂದಿ ಪೊಲೀಸರು ಸೇರಿ ಅರ್ಧ ಗಂಟೆಗೂ ಮಿಕ್ಕಿ ಅದುಮಿ ಹಿಡಿದರು. ಹುಡುಗನಿಗೆ ಮತ್ತೆ ಎಚ್ಚರವಾಗಲಿಲ್ಲ. ಬಲಪ್ರಯೋಗ ಅತಿಯಾಗಿತ್ತೆಂದು ಜ್ಯೂರಿ ಹೇಳಿದ್ದು 2017ರಲ್ಲಿ, ಏಳು ವರ್ಷದ ನಂತರ.

ಒಪ್ಪಿಗೆಯಿಲ್ಲದೆ ಆಸ್ಪತ್ರೆ ಸೇರುವುದಕ್ಕೆ ಅಲ್ಲಿಯವರು ‘ಸೆಕ್ಷನ್ ಆಯಿತು’ ಎನ್ನುತ್ತಾರೆ. 1983ರ ಮಾನಸಿಕ ಆರೋಗ್ಯ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ 28 ದಿನ ಇಟ್ಟುಕೊಳ್ಳಬಹುದು. ಮೂರನೆಯದರಲ್ಲಿ ಆರು ತಿಂಗಳು, ಬೇಕಾದರೆ ಮುಂದುವರಿಕೆ. ಇಬ್ಬರು ವೈದ್ಯರ ಶಿಫಾರಸು, ತರಬೇತಿ ಪಡೆದ ಒಬ್ಬ ಅಧಿಕಾರಿಯ ಅರ್ಜಿ ಇದ್ದರೆ ಸಾಕು. ಮೇಲ್ಮನವಿಗೆ ಟ್ರಿಬ್ಯೂನಲ್ ಉಂಟು, ಅದು ಒಳಗೆ ಹೋದ ಮೇಲಿನ ಮಾತು. 136ನೇ ಸೆಕ್ಷನ್ನಿನಲ್ಲಂತೂ ಬೀದಿಯಿಂದ ಪೊಲೀಸರೇ ಕರೆದೊಯ್ಯುತ್ತಾರೆ. ಅಂದಹಾಗೆ, ಸಹಿ ಹಾಕುವ ವೈದ್ಯರೆಲ್ಲ ಬಿಳಿಯರಲ್ಲ. ಭಾರತದಿಂದ ಹೋದವರು, ನಮ್ಮ ಕಡೆಯವರೂ, ದಶಕಗಳಿಂದ ಅಲ್ಲಿನ ಮನೋವೈದ್ಯ ಸೇವೆಯಲ್ಲಿದ್ದಾರೆ. ಸಹಿಯ ಕೈ ಬದಲಾದ ಮಾತ್ರಕ್ಕೆ, ಕಪ್ಪುವರ್ಣೀಯರೇ ಹೆಚ್ಚಾಗಿ ಒಳಹೋಗುವ ಲೆಕ್ಕ ಬದಲಾಗಿಲ್ಲ.

ಆ ಲೆಕ್ಕ ಹೀಗಿದೆ: 2023ರ ಮಾರ್ಚಿಗೆ ಕೊನೆಗೊಂಡ ವರ್ಷ ಇಂಗ್ಲೆಂಡಿನಲ್ಲಿ ಪ್ರತಿ ಲಕ್ಷ ಬಿಳಿಯರಿಗೆ ಇಂಥ ಬಂಧನ ಸುಮಾರು 64, ಕಪ್ಪುವರ್ಣೀಯರಲ್ಲಿ 228.

ಅವರಲ್ಲಿ ಕಾಯಿಲೆಯೇ ಹೆಚ್ಚಿರಬಹುದಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬ್ರಿಟನ್ನಿನಲ್ಲಿ ನೆಲೆಸಿದ ಕೆರಿಬಿಯನ್ ಮೂಲದವರಲ್ಲಿ ಸ್ಕಿಜೋಫ್ರೇನಿಯಾ ರೋಗನಿರ್ಣಯ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಜಮೈಕಾದಲ್ಲೇ ಫ್ರೆಡರಿಕ್ ಹಿಕ್ಲಿಂಗ್ ಎಂಬ ಮನೋವೈದ್ಯರು ಹುಡುಕಿ ನೋಡಿದಾಗ ಆ ಹೆಚ್ಚಳ ಕಾಣಲಿಲ್ಲ. ಹಾಗಾದರೆ ದೋಷ ರಕ್ತದಲ್ಲಿಲ್ಲ. ಬದುಕಿದ ಬೀದಿಯಲ್ಲಿರಬೇಕು, ಇಲ್ಲವೇ ನೋಡುವ ಕಣ್ಣಿನಲ್ಲಿ. ನನಗನ್ನಿಸುವಂತೆ ಎರಡೂ ಕಡೆ.

2002ರಲ್ಲಿ ಸೇನ್ಸ್‌ಬರಿ ಸೆಂಟರ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಕಪ್ಪುವರ್ಣೀಯರಿಗೂ ಆಸ್ಪತ್ರೆಗೂ ನಡುವಿನ ಈ ನಂಟನ್ನು ಭಯದ ವರ್ತುಲ ಎಂದು ಕರೆಯಿತು. ಆಸ್ಪತ್ರೆಗೆ ಹೋದರೆ ಹಿಡಿದಿಟ್ಟುಕೊಳ್ಳುತ್ತಾರೆ, ಮಂಕಾಗುವಷ್ಟು ಮದ್ದು ಚುಚ್ಚುತ್ತಾರೆಂಬ ಹೆದರಿಕೆ ಜನಕ್ಕೆ. ಎತ್ತರದ ಕಪ್ಪು ಗಂಡಸು ದನಿಯೇರಿಸಿದರೆ ಸಿಬ್ಬಂದಿಗೂ ಹೆದರಿಕೆ. ಮನೆಯವರು ಇಂದು ನಾಳೆ ಎನ್ನುತ್ತ ತಡೆದುಕೊಳ್ಳುತ್ತಾರೆ. ಕೈಮೀರಿದ ಮೇಲೆ ಬಾಗಿಲಿಗೆ ಬರುವುದು ಡಾಕ್ಟರಲ್ಲ, ಪೊಲೀಸ್ ವ್ಯಾನು. ಅದನ್ನು ಕಂಡ ಪಕ್ಕದ ಮನೆಯವರು ತಮ್ಮ ಸರದಿ ಬಂದಾಗ ಇನ್ನಷ್ಟು ತಡಮಾಡುತ್ತಾರೆ.

ಇದೆಲ್ಲ ಒಂದೇ ರಾತ್ರಿಗೆ ಕೂಡಿಬಂದದ್ದು ಡೇವಿಡ್ ‘ರಾಕಿ’ ಬೆನೆಟ್ ಬಾಳಿನಲ್ಲಿ. ಎಂಟನೇ ವಯಸ್ಸಿಗೆ ಜಮೈಕಾದಿಂದ ಬಂದವರು. 1993ರಲ್ಲಿ ತಾವಿದ್ದ ನಾರಿಚ್ ನಗರದ ನಾರ್ವಿಕ್ ಕ್ಲಿನಿಕ್ಕಿನ ನರ್ಸಿಂಗ್ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು: ಇಲ್ಲಿ ಕಪ್ಪು ರೋಗಿಗಳು ಅರ್ಧ ಡಜನ್ನಿಗೂ ಹೆಚ್ಚಿದ್ದೇವೆ, ಸಿಬ್ಬಂದಿಯಲ್ಲಿ ನಮ್ಮವರೊಬ್ಬರೂ ಇಲ್ಲ, ಇಬ್ಬರನ್ನಾದರೂ ನೇಮಿಸಿ. ಹುಚ್ಚು ಮಾತು ಇದರಲ್ಲಿ ಯಾವುದು? 1998ರ ಅಕ್ಟೋಬರ್ 30ರ ರಾತ್ರಿ ವಾರ್ಡಿನ ಟೆಲಿಫೋನಿಗಾಗಿ ಇನ್ನೊಬ್ಬ ರೋಗಿಯೊಂದಿಗೆ ಜಗಳವಾಯಿತು. ಆತ ಬಣ್ಣ ಹಿಡಿದು ಬೈದ. ಬೇರೆ ವಾರ್ಡಿಗೆ ಕಳಿಸಿದ್ದು ಮಾತ್ರ ಬೈಸಿಕೊಂಡ ರಾಕಿಯನ್ನು. ಅಲ್ಲಿ ಅವರು ನರ್ಸೊಬ್ಬರಿಗೆ ಹೊಡೆದರು. ಸಿಬ್ಬಂದಿ ಅವರನ್ನು ಬೋರಲು ಕೆಡವಿ ಸುಮಾರು 25 ನಿಮಿಷ ಒತ್ತಿ ಹಿಡಿದರು. 38ನೇ ವಯಸ್ಸಿಗೆ ಉಸಿರು ನಿಂತಿತು.

ರಾಕಿಯ ಸಾವಿನ ತನಿಖೆ ನಡೆಸಿದ, ಸರ್ ಜಾನ್ ಬ್ಲೋಫೆಲ್ಡ್ ನೇತೃತ್ವದ ವಿಚಾರಣಾ ಸಮಿತಿ, ಆರೋಗ್ಯ ಸೇವೆಯ ಜನಾಂಗಭೇದವನ್ನು ಕೀವು ತುಂಬಿದ ಹುಣ್ಣಿಗೆ ಹೋಲಿಸಿತು. ಯಾರನ್ನೂ ಬೋರಲು ಮಲಗಿಸಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು ಎಂದಿತು. ಸರ್ಕಾರ ಆ ಮಿತಿಯನ್ನು ಒಪ್ಪಲಿಲ್ಲ. ಒಪ್ಪದೇ ಹೋದ ಆ ಸಲಹೆಗೂ ಸೇನಿಯ ಸಾವಿಗೂ ನಡುವೆ ಆರೇಳು ವರ್ಷ.

ಸೇನಿಯ ಹೆಸರಿನಲ್ಲಿ 2018ರಲ್ಲಿ ಕಾನೂನು ಬಂತು; ಬಹುಪಾಲು ಜಾರಿಯಾದದ್ದು 2022ರಲ್ಲಿ. ಬಲಪ್ರಯೋಗವನ್ನು ದಾಖಲಿಸಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು, ವಾರ್ಡಿಗೆ ಬರುವ ಪೊಲೀಸರು ಮೈಮೇಲೆ ಕ್ಯಾಮೆರಾ ಧರಿಸಬೇಕು ಎಂದೆಲ್ಲ ಅದರಲ್ಲಿದೆ. ನಿಮಿಷದ ಮಿತಿ ಅದರಲ್ಲೂ ಇಲ್ಲ.