ಸೀಮೋಲ್ಲಂಘನಕ್ಕೆ ಮೊದಲೇ ಸೀಮೆ ದಾಟಿದ ಮಾತು

ಆಷಾಢ ಹುಣ್ಣಿಮೆಗೆ ವ್ಯಾಸಪೂಜೆ ಮುಗಿಸಿ ಯತಿಗಳು ಚಾತುರ್ಮಾಸ್ಯಕ್ಕೆ ಕುಳಿತರೆಂದರೆ ಭಾದ್ರಪದ ಹುಣ್ಣಿಮೆಯವರೆಗೆ ಸಂಚಾರವಿಲ್ಲ. ಮಳೆಗಾಲದ ಹುಳುಹುಪ್ಪಟೆ ಕಾಲಡಿಗೆ ಸಿಕ್ಕಬಾರದೆಂಬ ನಿಯಮ. ಎರಡು ತಿಂಗಳ ಬಳಿಕ ಸೀಮೋಲ್ಲಂಘನ ಮಾಡಿದ ಮೇಲೇ ಊರೂರಿಗೆ ಬರುವುದು. ಗುರುಗಳಿಗೆ ಈ ಕಟ್ಟಳೆ ಇಂದಿಗೂ ಇದೆ, ಅವರ ಮಾತಿಗೆ ಮಾತ್ರ ಉಳಿದಿಲ್ಲ. ಸೋಂದೆಯ ಸ್ವರ್ಣವಲ್ಲಿ ಮಠದಲ್ಲಿ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ಆಶೀರ್ವಚನ ಮುಗಿಯುವ ಹೊತ್ತಿಗೆ ಅದು ಬೆಂಗಳೂರಿನ ಬಾಡಿಗೆ ಮನೆಯನ್ನೂ ಅಮೆರಿಕದ ಅಡುಗೆಮನೆಯನ್ನೂ ಮುಟ್ಟಿರುತ್ತದೆ.

ಯಲ್ಲಾಪುರದ ಕಡೆಯ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಮಕ್ಕಳೆಲ್ಲ ಊರು ಬಿಟ್ಟ, ಇಬ್ಬರೇ ಹಿರಿಯರಿರುವ ಮನೆ. ಅಜ್ಜಿ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಎದುರಿಗೆ ಸಣ್ಣ ದೀಪ ಹಚ್ಚಿಟ್ಟು, ಸೆರಗು ಹೊದ್ದು ಕೂತಿದ್ದರು. ಹೊರಗೆ ಅಡಿಕೆ ತೋಟದ ಮೇಲೆ ಜಡಿಮಳೆ. ಪ್ರವಚನ ರಂಗೇರುವಷ್ಟರಲ್ಲಿ ಚಕ್ರ ತಿರುಗತೊಡಗಿತು. "ನೆಟ್ಟು ಹೋತು ಕಾಣ್ತು, ಅಪ್ಪಿ" ಎಂದರು, ದೀಪ ಆರಿಸಲಿಲ್ಲ. ಮತ್ತೆ ದನಿ ಬರುವವರೆಗೆ ಕೈಮುಗಿದೇ ಕೂತಿದ್ದರು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳು ಗುಡ್ಡ ಹತ್ತಿದ ಸೀಮೆ ಇದು. ಸಿಗ್ನಲ್ಲಿಗೆ ಕಾಯುವುದು ಯಾರಿಗೂ ಹೊಸದಲ್ಲ.

ಕಾವಿಗೆ ಕಂಪ್ಯೂಟರ್ ಕೂಡ ಹೊಸದಲ್ಲ. ಸಿರಿಗೆರೆಯ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ವ್ಯಾಕರಣಕ್ಕೆ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನೇ ರೂಪಿಸಿದವರು. ಸಿದ್ದಾಪುರದ ಭಾನ್ಕುಳಿಯಲ್ಲೂ ಮಠವಿರುವ ರಾಮಚಂದ್ರಾಪುರ ಪೀಠದ 'ಹರೇರಾಮ' ಜಾಲತಾಣ, ನಮ್ಮ ಹಳ್ಳಿಗಳಿಗೆ ಸ್ಮಾರ್ಟ್‌ಫೋನ್ ಬರುವ ಮೊದಲೇ ಇತ್ತು. ಇನ್ನು ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ! ಅಂಗಿಗೆ ಜೇಬೇ ಇಲ್ಲದ ಆ ಸಂತರು 2023ರ ಜನವರಿ 2ರಂದು ತೀರಿಕೊಂಡರು. ಅವರ ಪ್ರವಚನದ ದನಿ ಇಂದಿಗೂ ಎಷ್ಟೋ ಮಂದಿಯ ಜೇಬಿನಲ್ಲಿದೆ.

ಹಾಗೆ ನೋಡಿದರೆ ಸೋಂದೆಗೆ ಮಾತನ್ನು ಮನೆಮನೆಗೆ ಮುಟ್ಟಿಸುವ ಹದ ಬಹಳ ಹಿಂದೆಯೇ ಗೊತ್ತಿತ್ತು. 1600ರಲ್ಲಿ ಇಲ್ಲಿಯೇ ವೃಂದಾವನಸ್ಥರಾದ ವಾದಿರಾಜರು ಸಂಸ್ಕೃತದಲ್ಲಿ ವಾದಗ್ರಂಥ ಬರೆದವರು. ಅದೇ ಕೈಯಲ್ಲಿ ಕನ್ನಡದ 'ಲಕ್ಷ್ಮೀ ಶೋಭಾನೆ'ಯನ್ನೂ ಬರೆದರು. ಹೆಂಗಸರ ಬಾಯಿಂದ ಬಾಯಿಗೆ ಹೋದ ಆ ಹಾಡು ನಾನೂರು ವರ್ಷ ದಾಟಿಯೂ ಮದುವೆ ಮನೆಯಲ್ಲಿದೆ. ಅದಕ್ಕಿಂತ ದೊಡ್ಡ ಫಾರ್ವರ್ಡ್ ನನಗೆ ಗೊತ್ತಿಲ್ಲ.

ಆದರೆ ಹಾಡು ಇಡಿಯಾಗಿ ಹೋಯಿತು. ಇಂದಿನ ರೀಲ್ಸ್ ತುಂಡಾಗಿ ಹೋಗುತ್ತದೆ. ನನ್ನ ತಕರಾರು ಇಷ್ಟೇ. ವೇದಾಂತ ಪ್ರವಚನಕ್ಕೊಂದು ಕ್ರಮವುಂಟು: ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಖಂಡಿಸುವುದು ಗುರುಗಳ ಗತ್ತು. ಮೂವತ್ತು ಸೆಕೆಂಡಿನ ಕತ್ತರಿಗೆ ಪೂರ್ವಪಕ್ಷವಷ್ಟೇ ಸಿಕ್ಕರೆ, ಖಂಡಿಸಹೊರಟ ಮಾತೇ ಗುರುಗಳ ಮಾತಾಗಿ ಊರೆಲ್ಲ ಸುತ್ತುತ್ತದೆ, ಹಿಂದೆ ಕೊಳಲಿನ ಸಂಗೀತ ಬೇರೆ! 2011ರಲ್ಲಿ ಸ್ವರ್ಣವಲ್ಲಿಯ ಭಗವದ್ಗೀತಾ ಅಭಿಯಾನ ಶಾಲೆಗೆ ಕಾಲಿಟ್ಟಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಪರ-ವಿರೋಧ ಎರಡಕ್ಕೂ ಆಗ ಪತ್ರಿಕೆಯಲ್ಲಿ ಅಂಕಣವಿಡೀ ಜಾಗವಿತ್ತು. ಈಗ ಕಾಮೆಂಟಿನ ಒಂದು ಸಾಲು.

ಪರದೆ ತಲುಪಿಸಲಾಗದ್ದೂ ಇದೆ. ಚಾತುರ್ಮಾಸ್ಯದಲ್ಲಿ ಒಂದೊಂದು ಸೀಮೆಯವರು ಸರದಿಯಂತೆ ಬಂದು ಪಾದಪೂಜೆ ಮಾಡಿ, ಊಟದ ಪಂಕ್ತಿಯಲ್ಲಿ ವರ್ಷದಿಂದ ಕಾಣದ ನೆಂಟರನ್ನು ಕಂಡು, ಸಾಲಿನಲ್ಲಿ ನಿಂತು ಮಂತ್ರಾಕ್ಷತೆ ಪಡೆಯುವುದು. ಬೇಡ್ತಿ, ಅಘನಾಶಿನಿ ಕೊಳ್ಳಗಳ ಉಳಿವಿಗೆ ದನಿಯೆತ್ತಿದ ಸ್ವರ್ಣವಲ್ಲಿ ಮಠದಲ್ಲಿ ಸಸಿಯನ್ನೇ ಕೊಡುವ ವೃಕ್ಷ ಮಂತ್ರಾಕ್ಷತೆಯೂ ಉಂಟು. ಆ ಸಸಿಯನ್ನು ಯಾವ ಆ್ಯಪ್‌ನಲ್ಲಿ ಕಳಿಸುತ್ತೀರಿ? ಹಾಗೆಂದು ಪರದೆಯೇ ಬೇಡವೆಂದಲ್ಲ. 2024ರ ಫೆಬ್ರವರಿಯಲ್ಲಿ ಆನಂದಬೋಧೇಂದ್ರ ಸರಸ್ವತೀ ಸ್ವಾಮೀಜಿ ಇದೇ ಮಠದಲ್ಲಿ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ಶಿಷ್ಯರಾಗಿ ಸಂನ್ಯಾಸ ಪಡೆದರು. ಮುಂದಿನ ತಲೆಮಾರಿನ ಶಿಷ್ಯರು ಅವರನ್ನು ಮೊದಲು ಕಾಣುವುದು ಬಹುಶಃ ಫೋನಿನಲ್ಲೇ. ಅದರಲ್ಲಿ ತಪ್ಪೇನೂ ಇಲ್ಲ.

ಗುರುಗಳ ಮಾತಿನ ತುಣುಕೊಂದು ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಪೂರ್ತಿ ಪ್ರವಚನ ಹುಡುಕಿ ಕೇಳಿದ ಮೇಲೆ ಮುಂದೆ ಕಳಿಸಿ. ಗುರುಗಳ ಫೋಟೊದ ಕೆಳಗೆ ಕ್ಯೂಆರ್ ಕೋಡ್ ಇಟ್ಟು ಕಾಣಿಕೆ ಕೇಳಿದರೆ, ಮಠದ ಕಚೇರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮತ್ತೆ, ಈ ಸಲ ನಿಮ್ಮ ಸೀಮೆಯ ಸರದಿಯ ದಿನ ಯಾವುದೆಂದು ಅಮ್ಮನನ್ನು ಕೇಳಿ, ಆ ವಾರವೇ ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿ.